ಅಕ್ಕನಿಗೆ ಬೇಸಿಗೆಯ ಅಂಗಳ, ತಮ್ಮನಿಗೆ ಅಡಿಕೆಯ ಅಂಗಳ: ಶಿರಸಿಯ ಒಂದು ತೋಟದ ಮನೆಯ ಪ್ರಕರಣ

ದೂರು ಚಿಕ್ಕದು. ದೊಡ್ಡವಳು ಹನ್ನೊಂದು ತಿಂಗಳಿಗೇ ನಡೆದಳು, ಚಿಕ್ಕವನಿಗೆ ಹದಿನೈದು ತುಂಬಿದರೂ ಎದ್ದು ನಿಲ್ಲುವುದಿಲ್ಲ. ದೊಡ್ಡವಳು ಒಂದೂವರೆ ವರ್ಷಕ್ಕೆ ಪಟಪಟ ಮಾತಾಡುತ್ತಿದ್ದಳು, ಇವನ ಬಾಯಲ್ಲಿ ಒಂದು ಶಬ್ದವೂ ನೆಟ್ಟಗೆ ಬಂದಿಲ್ಲ. "ಇವನಿಗೆ ಏನೋ ತೊಂದರೆ ಇದೆ ಅಲ್ವಾ?" ಎಂದು ಕೇಳಿದ್ದು ತಾಯಿ. ಕೇಳಿಸಿದ್ದು ಅವರ ಅತ್ತೆ.

ಶಿರಸಿ ಪೇಟೆಯಿಂದ ಒಳಗೆ, ಬೆಟ್ಟಕ್ಕೂ ತೋಟಕ್ಕೂ ನಡುವೆ ಇರುವ ಹವ್ಯಕರ ಮನೆ ಇದು. ಅಜ್ಜ, ಅಮ್ಮಮ್ಮ (ಅಪ್ಪನ ತಾಯಿ), ಅಪ್ಪಯ್ಯ (ಅಪ್ಪ), ಆಯಿ (ಅಮ್ಮ), ಇಬ್ಬರು ಮಕ್ಕಳು. ಹುಡುಗಿಯನ್ನು ಕೂಸು, ಹುಡುಗನನ್ನು ಮಾಣಿ ಎಂದೇ ಎಲ್ಲರೂ ಕರೆಯುತ್ತಾರೆ. ಗುರುತು ಹತ್ತದಿರಲಿ ಎಂದು ನಾನೂ ಹಾಗೇ ಬರೆಯುತ್ತೇನೆ. ಅಪ್ಪಯ್ಯ ತೋಟ ನೋಡುತ್ತಾರೆ. ಆಯಿ ಬೆಳಿಗ್ಗೆ ಸ್ಕೂಟಿ ಹತ್ತಿ ಪೇಟೆಗೆ ಹೋಗಿ, ಲೆಕ್ಕ ಬರೆಯುವ ಕೆಲಸ ಮುಗಿಸಿ ಸಂಜೆ ಬರುತ್ತಾರೆ. ಹಗಲು ಮಕ್ಕಳು ಅಮ್ಮಮ್ಮನ ಸುಪರ್ದಿ. ಅಮ್ಮಮ್ಮನಿಗೆ ಮೊಣಕಾಲು ನೋವು. ಓಡುವ ಮಗುವಿನ ಹಿಂದೆ ಓಡಲು ಆಗುವುದಿಲ್ಲ.

ಸಣ್ಣ ಮಕ್ಕಳ ಬೆಳವಣಿಗೆ ನೋಡುವುದು ನನ್ನ ಕೆಲಸ. ಆದಷ್ಟು ಮನೆಗೇ ಹೋಗಿ ನೋಡುತ್ತೇನೆ. ಆಸ್ಪತ್ರೆಯ ಬೆಂಚಿನ ಮೇಲೆ ಎರಡು ವರ್ಷದ ಮಗು ತಾನು ಕಲಿತದ್ದರಲ್ಲಿ ಕಾಲು ಭಾಗವನ್ನೂ ತೋರಿಸುವುದಿಲ್ಲ.

ಮಾರ್ಚ್ ತಿಂಗಳಲ್ಲಿ ಕಂಡದ್ದು

ಮೊದಲು ಕಂಡಾಗ ಮಾಣಿ ಜಗಲಿ ಮೇಲೆ ಕೂತಿದ್ದ. ತೂಕ ಸರಿಯಾಗಿತ್ತು, ಬೆನ್ನು ನೇರವಾಗಿತ್ತು, ಕಣ್ಣು ಚುರುಕಾಗಿತ್ತು. ನನ್ನ ಚೀಲದ ಜಿಪ್ಪು ಕಂಡ ಕೂಡಲೇ ಹತ್ತಿರ ಬಂದ. ಬಂದ ರೀತಿ ಮಾತ್ರ ಬೇರೆ. ಅಂಬೆಗಾಲು ಇಲ್ಲ, ಹೊಟ್ಟೆ ಎಳೆಯುವುದೂ ಇಲ್ಲ. ಒಂದು ಕಾಲು ಮಡಚಿ, ಒಂದು ಕೈ ನೆಲಕ್ಕೆ ಊರಿ, ಕುಂಡೆ ಮೇಲೇ ಸರ್ ಸರ್ ಎಂದು ಜಾರಿಕೊಂಡು ಬಂದ. ಒಳ್ಳೇ ಜೋರಿನಲ್ಲೇ ಬಂದ.

ಹೀಗೆ ಕೂತೇ ಸರಿಯುವ ಮಕ್ಕಳು ಎಲ್ಲ ಕಡೆ ಇದ್ದಾರೆ. ಕೂತಲ್ಲಿಂದಲೇ ಬೇಕಾದ್ದೆಲ್ಲ ಕೈಗೆ ಸಿಗುವುದರಿಂದ ಅವರಿಗೆ ಎದ್ದು ನಿಲ್ಲುವ ಗರಜು ತಡವಾಗಿ ಹುಟ್ಟುತ್ತದೆ. ಇದು ಎಷ್ಟೋ ಸಲ ಮನೆತನದಲ್ಲೇ ಬಂದಿರುತ್ತದೆ. ಹಾಗಾಗಿ ಕೇಳಿದೆ: "ಇವನ ಅಪ್ಪಯ್ಯ ಸಣ್ಣವರಿದ್ದಾಗ ಹೇಗೆ ಹರಿದಾಡ್ತಿದ್ದರು?" ಅಮ್ಮಮ್ಮ ಕವಳ ಹಾಕುತ್ತಿದ್ದವರು ಕೈ ನಿಲ್ಲಿಸಿದರು. ಸ್ವಲ್ಪ ಹೊತ್ತು ಯೋಚಿಸಿ ನಕ್ಕುಬಿಟ್ಟರು. "ಅವನೂ ಕುಂಡೆ ಎಳೆದವನೇಯಾ." ಇಷ್ಟು ದಿನ ಮಾಣಿಯನ್ನು ಅಕ್ಕನ ಪಕ್ಕ ನಿಲ್ಲಿಸಿ ನೋಡಿದ್ದರೇ ಹೊರತು ಅಪ್ಪನ ಪಕ್ಕ ನಿಲ್ಲಿಸಿ ನೋಡಿರಲಿಲ್ಲ.

ವಿಶ್ವ ಆರೋಗ್ಯ ಸಂಸ್ಥೆ 2006ರಲ್ಲಿ ಮಕ್ಕಳ ಚಲನೆಯ ಬಗ್ಗೆ ಒಂದು ಅಳತೆ ಕೊಟ್ಟಿತು. ಭಾರತ, ಘಾನಾ, ನಾರ್ವೆ, ಒಮಾನ್, ಅಮೆರಿಕ, ಈ ಐದು ದೇಶಗಳ ಆರೋಗ್ಯವಂತ ಮಕ್ಕಳನ್ನು ನೋಡಿ ಮಾಡಿದ್ದು. ಅದರ ಪ್ರಕಾರ ಮಗು ಯಾರ ಆಸರೆಯೂ ಇಲ್ಲದೆ ನಡೆಯಲು ಶುರು ಮಾಡುವುದು 8.2 ತಿಂಗಳಿಂದ 17.6 ತಿಂಗಳ ಒಳಗೆ. ಎಷ್ಟು ಅಗಲದ ಬಾಗಿಲು ನೋಡಿ. ಒಂಬತ್ತು ತಿಂಗಳಿಗೂ ಜಾಸ್ತಿ ಅಂತರ, ಎರಡೂ ತುದಿಯ ಮಕ್ಕಳು ಸರಿಯಾಗಿಯೇ ಇದ್ದಾರೆ. ಅಂಬೆಗಾಲನ್ನು ಇಡದೆಯೇ ಮುಂದೆ ಹೋದ ಮಕ್ಕಳೂ ಆ ಅಧ್ಯಯನದಲ್ಲಿ ನೂರಕ್ಕೆ ನಾಲ್ಕರಷ್ಟು ಇದ್ದರು. ಮಾಣಿ ಆ ಬಾಗಿಲ ಒಳಗೇ ಇದ್ದ. ಆದರೆ ಆಚೆ ತುದಿ ಹತ್ತಿರವಾಗಿತ್ತು, ಅದಕ್ಕೇ ಸುಮ್ನೆ ಕೂರುವ ಹಾಗೂ ಇರಲಿಲ್ಲ.

ಮಕ್ಕಳ ಡಾಕ್ಟರು ಸೊಂಟದ ಕೀಲು, ಸ್ನಾಯುವಿನ ಬಿಗಿ, ಕಾಲಿನ ಪ್ರತಿಕ್ರಿಯೆ ಎಲ್ಲ ನೋಡಿದರು. ತೊಂದರೆ ಏನೂ ಇರಲಿಲ್ಲ. ಹಿಮೋಗ್ಲೋಬಿನ್ ತುಸು ಕಡಿಮೆ ಇತ್ತು, ಕಬ್ಬಿಣಾಂಶದ ಸಿರಪ್ ಬರೆದರು. 18 ತಿಂಗಳಿಗೂ ನಡೆಯದಿದ್ದರೆ ಮತ್ತೆ ಕರೆದುಕೊಂಡು ಬನ್ನಿ ಎಂದರು. ಸರಿಯಾದ ಮಾತು.

ಬೆಂಗಳೂರಿನ ಮಾವ ತಂದ ಚಕ್ರದ ವಾಕರ್ ಒಂದು ಜಗಲಿ ಮೂಲೆಯಲ್ಲಿತ್ತು. ಅದನ್ನು ಅಟ್ಟಕ್ಕೆ ಹಾಕಿಸಿದೆ. ವಾಕರಿನಿಂದ ನಡಿಗೆ ಬೇಗ ಬರುವುದಿಲ್ಲ, ಬೀಳುವ ಅಪಾಯ ಮಾತ್ರ ಬರುತ್ತದೆ. ಕೆನಡಾ ದೇಶ 2004ರಲ್ಲೇ ಇದರ ಮಾರಾಟ ನಿಲ್ಲಿಸಿತು. ನಮ್ಮ ಕಡೆಯ ಎತ್ತರದ ಜಗಲಿಗಳನ್ನು ನೋಡಿದ್ದರೆ ಇನ್ನೂ ಮೊದಲೇ ನಿಲ್ಲಿಸುತ್ತಿದ್ದರೇನೋ.

ತಿಂಗಳ ಲೆಕ್ಕದ ಜತೆ ಕ್ಯಾಲೆಂಡರ್

ಹೋಲಿಸಬೇಡಿ ಎಂದು ಹೇಳಿ ಪ್ರಯೋಜನ ಇಲ್ಲ. ಇಬ್ಬರು ಮಕ್ಕಳಿರುವ ಮನೆಯಲ್ಲಿ ಹೋಲಿಸದವರು ಯಾರು? ನಾನು ಹೇಳುವುದು ಇಷ್ಟೇ: ಹೋಲಿಸುವುದಾದರೆ ಪೂರ್ತಿ ಹೋಲಿಸಿ. ಅವಳು ನಡೆದಾಗ ಅಂಗಳ ಹೇಗಿತ್ತು, ಇವನು ನಡೆಯಬೇಕಾದಾಗ ಹೇಗಿತ್ತು ಎಂಬುದನ್ನೂ ಸೇರಿಸಿ. ಗೋಡೆಯ ಕ್ಯಾಲೆಂಡರ್ ಇಳಿಸಿಕೊಂಡು ತಾಯಿಯ ಜತೆ ಅದನ್ನೇ ಮಾಡಿದೆ.

ಕೂಸು ಹುಟ್ಟಿದ್ದು ಜುಲೈ ಆರಂಭದಲ್ಲಿ. ಮಳೆಗಾಲದಲ್ಲಿ ತೊಟ್ಟಿಲ ಮಗು, ಅಡಿಕೆ ಗೊನೆ ಇಳಿಸುವ ಕೊನೆಕೊಯ್ಲಿನ ಹೊತ್ತಿಗೆ ಮಗುಚಿಕೊಂಡು ಕೂರುವ ಮಗು. ಹರಿದಾಡಲು ಶುರು ಮಾಡಿದ್ದು ಹೋಳಿ ಹುಣ್ಣಿಮೆಯ ಹೊತ್ತಿಗೆ. ಅಷ್ಟರಲ್ಲಿ ಅಡಿಕೆ ಒಳಗೆ ಹೋಗಿ ಅಂಗಳ ಖಾಲಿಯಾಗಿತ್ತು. ನೆಲ ಬೆಚ್ಚಗೆ, ಒಣಗಿ, ಗುಡಿಸಿಟ್ಟ ಅಂಗಳ. ಮನೆ ಮಂದಿಗೂ ಬಿಡುವು. ಮೇ ಕೊನೆಗೆ, ಮಳೆ ಹಿಡಿಯುವ ಮೊದಲು, ಅವಳು ನಡೆದಾಗಿತ್ತು.

ಮಾಣಿ ಹುಟ್ಟಿದ್ದು ಡಿಸೆಂಬರಿನಲ್ಲಿ. ಹರಿದಾಡುವ ವಯಸ್ಸು ಬಂದದ್ದು ಜುಲೈಯಲ್ಲಿ. ಘಟ್ಟದ ಮೇಲಿನ ಜುಲೈ ಎಂದರೆ ಗೊತ್ತಲ್ಲ. ಹಗಲಿಗೂ ದೀಪ, ಜಗಲಿ ತಣ್ಣಗೆ, ಅಂಗಳಕ್ಕೆ ಇಳಿದರೆ ಹಾವಸೆ ಜಾರುತ್ತದೆ, ಅಂಚಿಗೆ ಹೋದರೆ ರಕ್ತ ಹೀರುವ ಉಂಬಳ. ಸೆಪ್ಟೆಂಬರ್ ತನಕ ಅವನು ಕಂಬಳಿ ಮೇಲೆ, ಇಲ್ಲವೇ ಯಾರದ್ದಾದರೂ ಸೊಂಟದ ಮೇಲೆ. ಮಳೆ ಬಿಟ್ಟಿತು ಅನ್ನುವಷ್ಟರಲ್ಲಿ ಕೊನೆಕೊಯ್ಲು. ಮರ ಹತ್ತಿ ಕೊನೆ ಕೊಯ್ಯುವ ಕೊನೆಗೌಡ ಸಿಕ್ಕ ದಿನ ಮನೆಯಲ್ಲಿ ಯಾರಿಗೂ ಮೈಮೇಲೆ ಪ್ರಜ್ಞೆ ಇರುವುದಿಲ್ಲ. ಕೊನೆ ಹೊರುವುದು, ಸುಲಿಯುವುದು, ಬೇಯಿಸುವುದು, ಹರಡುವುದು. ಹಿಂದೆ ಈ ಮನೆಯಲ್ಲಿ ಅಂಗಳದ ಮೇಲೆ ಅಟ್ಟ ಹಾಕಿ ಅದರ ಮೇಲೆ ಒಣಗಿಸುತ್ತಿದ್ದರು, ಕೆಳಗೆ ಮಕ್ಕಳಿಗೆ ನೆರಳೂ ಜಾಗವೂ ಇರುತ್ತಿತ್ತು. ಅಟ್ಟ ಕಟ್ಟುವ ಆಳು ಸಿಗದಾದ ಮೇಲೆ ಅಂಗಳಕ್ಕೆ ಸಿಮೆಂಟ್ ಬಂತು. ಈಗ ಅಡಿಕೆ ನೆಲದ ಮೇಲೇ. ಸಿಪ್ಪೆ ಸಮೇತ ಒಣಗಿಸುವ ಚಾಲಿ ಅಡಿಕೆ ಒಣಗಲು ಒಂದೂವರೆ ತಿಂಗಳು ಬೇಕು, ಕೊಯ್ಲು ಎರಡು ಮೂರು ಸಲ ಆಗುತ್ತದೆ. ಹೀಗೆ ಅವನ ಹನ್ನೊಂದನೇ ತಿಂಗಳಿಂದ ಹದಿನಾಲ್ಕರ ತನಕ ಅಂಗಳದಲ್ಲಿ ಅವನಿಗೆ ಕಾಲಿಡಲೂ ಜಾಗ ಇರಲಿಲ್ಲ.

ಬಿಟ್ಟರೂ ಅಪಾಯವೇ. ಒಂದು ವರ್ಷದ ಮಗುವಿಗೆ ಅಡಿಕೆ ಚೂರು ಗಂಟಲಿಗೆ ಇಳಿದು ಉಸಿರುನಾಳಕ್ಕೆ ಸಿಕ್ಕಿಕೊಳ್ಳಬಹುದು. ಇದು ಹೆದರಿಸಲು ಹೇಳುವ ಮಾತಲ್ಲ, ಆಗುವಂಥದ್ದೇ. ಅದಕ್ಕೇ ಅಮ್ಮಮ್ಮ ಅವನನ್ನು ಪ್ಲಾಸ್ಟಿಕ್ ಕುರ್ಚಿಯಲ್ಲಿ ಕೂರಿಸಿ, ಎದುರಿಗೆ ತಂಬಿಗೆಗೆ ಆನಿಸಿ ಮೊಬೈಲ್ ಇಡುತ್ತಿದ್ದರು. ಕೂಸು ಪಕ್ಕದಲ್ಲಿ ಕಾವಲು.

ಇನ್ನೊಂದು ಭಯವೂ ಇತ್ತು. ಮಂಗನ ಕಾಯಿಲೆ. 1957ರಲ್ಲಿ ಪಕ್ಕದ ಸೊರಬದ ಕ್ಯಾಸನೂರು ಕಾಡಿನಲ್ಲಿ ಮೊದಲು ಗುರುತಿಸಿದ ಈ ಜ್ವರ ಉಣುಗಿನಿಂದ, ಅಂದರೆ ಉಣ್ಣಿಯಿಂದ, ಹರಡುತ್ತದೆ. ಡಿಸೆಂಬರಿನಿಂದ ಮೇ ತನಕ ಜಾಸ್ತಿ. 2024ರ ಆರಂಭದಲ್ಲಿ ಸಿದ್ದಾಪುರ ತಾಲೂಕಿನಲ್ಲಿ ಪ್ರಕರಣ ಏರಿದಾಗ ಈ ಕಡೆಯ ಎಲ್ಲ ಮನೆಗಳಲ್ಲೂ ಅದೇ ಮಾತು. "ಮಾಣಿನ ನೆಲಕ್ಕೆ ಬಿಡಡ" ಎಂದು ಅಮ್ಮಮ್ಮ ಹೇಳುತ್ತಿದ್ದುದು ಅದಕ್ಕೇ. ಅವರ ಭಯ ಸುಳ್ಳಲ್ಲ. ಆದರೆ ಉಣುಗು ಇರುವುದು ಬೆಟ್ಟದಲ್ಲಿ, ದರಕಿನ (ಒಣ ಎಲೆಯ) ರಾಶಿಯಲ್ಲಿ, ಮಂಗ ಸತ್ತು ಬಿದ್ದ ಸುತ್ತಮುತ್ತ. ಗುಡಿಸಿದ ಅಂಗಳಕ್ಕೂ ಸೊಪ್ಪಿನ ಬೆಟ್ಟಕ್ಕೂ ವ್ಯತ್ಯಾಸ ಮಾಡಬೇಕು. ಬೇಸಿಗೆಯಲ್ಲಿ ಮಕ್ಕಳನ್ನು ಬೆಟ್ಟಕ್ಕೆ ಒಯ್ಯುವುದು ಬೇಡ. ದರಕು ತಂದ ಹೆಡಿಗೆಯ (ದೊಡ್ಡ ಬುಟ್ಟಿಯ) ಹತ್ತಿರ ಆಡಿಸುವುದು ಬೇಡ. ಸಂಜೆ ಬಚ್ಚಲಲ್ಲಿ ಮೀಯಿಸುವಾಗ ಕಂಕುಳು, ತೊಡೆಸಂದು, ಕಿವಿಯ ಹಿಂದೆ ನೋಡಿ, ಬಟ್ಟೆ ಬದಲಿಸಿ. ಇಷ್ಟು ಮಾಡಿ ಅಂಗಳಕ್ಕೆ ಬಿಡಿ ಎಂದೆ. ಕೊಟ್ಟಿಗೆಯ ದನ ಬೆಟ್ಟಕ್ಕೆ ಹೋಗಿ ಬರುತ್ತದಲ್ಲ ಎಂದು ಅಜ್ಜ ಕೇಳಿದರು. ಒಳ್ಳೇ ಪ್ರಶ್ನೆ. ದನದ ಮೈ ದಿನಾ ನೋಡುವ ಕೆಲಸ ಅಜ್ಜನಿಗೇ ಬಿತ್ತು.

ಋತುವಿಗೂ ಮಗುವಿನ ಚಲನೆಗೂ ಸಂಬಂಧ ಇರುವುದು ನಮ್ಮ ಮಲೆನಾಡಿನಲ್ಲಿ ಮಾತ್ರ ಅಲ್ಲ. ಇಸ್ರೇಲಿನ ಹೈಫಾ ವಿಶ್ವವಿದ್ಯಾಲಯದವರು ಇದನ್ನೇ ನೋಡಿದ್ದಾರೆ. ಅಲ್ಲಿ ಡಿಸೆಂಬರಿನಿಂದ ಮೇ ಒಳಗೆ ಹುಟ್ಟಿದ ಮಕ್ಕಳು ಸುಮಾರು 30 ವಾರಕ್ಕೆ ಹರಿದಾಡಿದರೆ, ಜೂನಿನಿಂದ ನವೆಂಬರ್ ಒಳಗೆ ಹುಟ್ಟಿದವರು ಸುಮಾರು 35 ವಾರಕ್ಕೆ. ಅವರಿಗೆ ಚಳಿಗಾಲ ಅಡ್ಡಿ. ದಪ್ಪ ಬಟ್ಟೆ, ಮನೆಯೊಳಗಿನ ದಿನಗಳು. ನಮಗೆ ಜಡಿಮಳೆ ಮತ್ತು ಅಡಿಕೆ. ತಿಂಗಳುಗಳು ಅದಲುಬದಲು, ಕಾರಣ ಅದೇ.

ಕೊಟ್ಟಿಗೆ ಮಾಡಿನ ಕೆಳಗೆ

ಮಾರ್ಚ್ ಮಧ್ಯಕ್ಕೆ ಅಂಗಳ ಖಾಲಿ ಆಯಿತು. ಅವತ್ತು ಕೂಸು ನನ್ನನ್ನು ಕೊಟ್ಟಿಗೆಯ ಪಕ್ಕಕ್ಕೆ ಎಳೆದುಕೊಂಡು ಹೋದಳು. ಮಾಡಿನ ಕೆಳಗೆ ಮಳೆ ತಾಗದ ಕಡೆ ಹಿಟ್ಟಿನ ಹಾಗೆ ನುಣ್ಣಗಿನ ಧೂಳು ಇರುತ್ತದೆ. ಅದರಲ್ಲಿ ಸಣ್ಣ ಸಣ್ಣ ಗುಂಡಿಗಳು. ಮೇಲೆ ಅಗಲ, ಕೆಳಗೆ ಚೂಪು. ತಳದಲ್ಲಿ ಹುಳ ಅಡಗಿ ಕೂತು ಇರುವೆಗೆ ಕಾಯುತ್ತದೆ. ಕೂಸು ಹುಲ್ಲುಕಡ್ಡಿಯಿಂದ ಗುಂಡಿಯ ಅಂಚು ಕೆರೆದಳು. ಎರಡು ಕಣ ಧೂಳು ಕೆಳಗೆ ಜಾರಿತು. ಒಳಗಿಂದ ಹುಳ ಚಿಟ್ ಎಂದು ಮಣ್ಣು ಎರಚಿತು.

ಮಾಣಿ ಕೂತೇ ಜಾರಿಕೊಂಡು ಬಂದಿದ್ದ. ಅವನು ಗುಂಡಿ ನೋಡಿದ. ತೋರುಬೆರಳು ಚಾಚಿದ. ತಲೆ ಎತ್ತಿ ಅಕ್ಕನ ಮುಖ ನೋಡಿದ. ಮತ್ತೆ ಗುಂಡಿ ನೋಡಿದ. ಆಮೇಲೆ "ಆಂ?" ಎಂದ.

ನನ್ನ ಅರ್ಧ ಚಿಂತೆ ಇಳಿದದ್ದು ಆಗಲೇ. ಬೆರಳು ತೋರಿಸುವುದು, ತೋರಿಸಿ ಇನ್ನೊಬ್ಬರ ಮುಖ ನೋಡುವುದು, ಇವೆರಡೂ ಮಾತಿಗಿಂತ ಮೊದಲು ಬರುವ ಮಾತು. ನಾನು ಕಂಡದ್ದು ನಿನಗೂ ಕಂಡಿತಾ ಎಂದು ಕೇಳುವುದು ಅದು. ಒಂದೂವರೆ ವರ್ಷದ ಒಳಗೆ ಇದು ಬಾರದ ಮಗುವಿನ ಬಗ್ಗೆ ನಾನು ನಡಿಗೆಗಿಂತ ಜಾಸ್ತಿ ಚಿಂತೆ ಮಾಡುತ್ತೇನೆ. ಅದೇ ಹೊತ್ತಿಗೆ ಅವನು ಹೆಬ್ಬೆರಳು ತೋರುಬೆರಳು ಸೇರಿಸಿ ಒಂದು ಇರುವೆಯನ್ನು ಜಜ್ಜದೆ ಎತ್ತಿದ. ಕೈಯ ನಯವೂ ಚೆನ್ನಾಗಿತ್ತು. ಅಕ್ಕ ಆ ಇರುವೆಯನ್ನು ಗುಂಡಿಗೆ ಹಾಕು ಎಂದಳು. ಅವನು ಬಾಯಿಗೆ ಹಾಕಿಕೊಂಡ.

ಮನೆಯವರಿಗೆ ಕೊಟ್ಟ ಕೆಲಸ ದೊಡ್ಡದೇನಲ್ಲ. ದಿನಕ್ಕೆ ಎರಡು ಹೊತ್ತು ಅಂಗಳ, ಬರಿಗಾಲಲ್ಲಿ. ಕುರ್ಚಿ ಬೇಡ, ಮೊಬೈಲ್ ಬೇಡ. ಎರಡು ವರ್ಷದ ಒಳಗಿನ ಮಕ್ಕಳಿಗೆ ಪರದೆ ಬೇಡವೇ ಬೇಡ, ಒಂದು ವರ್ಷ ದಾಟಿದ ಮೇಲೆ ದಿನಕ್ಕೆ ಒಟ್ಟು ಮೂರು ಗಂಟೆಯಾದರೂ ಮೈ ಆಡಬೇಕು ಎನ್ನುವುದು ವಿಶ್ವ ಆರೋಗ್ಯ ಸಂಸ್ಥೆಯ 2019ರ ಸಲಹೆ. ಅಡಿಕೆ ಮನೆಯಲ್ಲಿ ಮೂರು ಗಂಟೆ ಹೊಂದಿಸುವುದು ಮಾರ್ಚಿನಲ್ಲಿ ಸುಲಭ, ಜನವರಿಯಲ್ಲಿ ಕಷ್ಟ.

ಉಳಿದದ್ದನ್ನು ಮಕ್ಕಳೇ ಮಾಡಿಕೊಂಡರು. ತೋಟದಲ್ಲಿ ಉದುರಿದ ಅಡಿಕೆ ಹಾಳೆ ತಂದು ಕೂಸು ಅದರ ಮೇಲೆ ತಮ್ಮನನ್ನು ಕೂರಿಸಿ ಎಳೆಯುತ್ತಿದ್ದಳು. ಹಾಳೆ ಎಳೆಯುವ ಆಟ ನಮ್ಮಲ್ಲಿ ಯಾರು ಆಡಿಲ್ಲ ಹೇಳಿ. ಆದರೆ ಒಂದೂವರೆ ವರ್ಷದ ಮಗು ಅದರ ಮೇಲೆ ಕೂತಾಗ ಏನಾಗುತ್ತದೆ ನೋಡಿ. ಎಳೆದ ಕೂಡಲೇ ಮೈ ಹಿಂದೆ ವಾಲುತ್ತದೆ, ಹೊಟ್ಟೆ ಬೆನ್ನು ಬಿಗಿ ಹಿಡಿದು ಮುಂದೆ ಬರಬೇಕು. ತಿರುವಿನಲ್ಲಿ ಪಕ್ಕಕ್ಕೆ ವಾಲುತ್ತದೆ, ಕೈ ಹಾಳೆಯ ಅಂಚು ಹಿಡಿಯಬೇಕು. ಬಿದ್ದರೆ ಎದ್ದು ಮತ್ತೆ ಹತ್ತಬೇಕು. ಇದನ್ನೇ ಆಸ್ಪತ್ರೆಯಲ್ಲಿ ಚೆಂಡಿನ ಮೇಲೆ ಕೂರಿಸಿ ಮಾಡಿಸುತ್ತಾರೆ. ಅಲ್ಲಿ ಮಗು ಅಳುತ್ತದೆ, ಇಲ್ಲಿ ಇಳಿಯಲು ಒಪ್ಪುವುದಿಲ್ಲ.

ಅಕ್ಕನಿಗೆ ಎಳೆದು ಸುಸ್ತಾಗಿ ಬಿಟ್ಟು ಹೋದಾಗ ಅವನು ಒಂದು ದಿನ ಪಕ್ಕದಲ್ಲಿ ಬೋರಲು ಹಾಕಿದ್ದ ಖಾಲಿ ಹೆಡಿಗೆ ಹಿಡಿದು ಎದ್ದು ನಿಂತ. ಹೆಡಿಗೆ ಜಾರಿತು, ಅವನೂ ಅದರ ಹಿಂದೆ ಹೋದ. ಹೆಡಿಗೆ ತಳ್ಳಿಕೊಂಡು ಅಂಗಳದ ಉದ್ದಕ್ಕೆ ನಡೆಯುವುದು ಒಂದು ಗೀಳಾಯಿತು. ಏಪ್ರಿಲ್ ಕೊನೆಗೆ, ಹದಿನಾರೂವರೆ ತಿಂಗಳಿಗೆ, ಹೆಡಿಗೆ ಬಿಟ್ಟು ಕೊಟ್ಟಿಗೆಯ ಕಡೆ ನಡೆದ.

ಮೇಯಲ್ಲಿ ದೇವಿಮನೆ ಘಟ್ಟ ಇಳಿದು ಕುಮಟಾ ಕಡೆಯ ಅಜ್ಜನ ಮನೆಗೆ ಹೋದರು. ಧಾರೇಶ್ವರದ ಸಮುದ್ರದ ದಂಡೆಯಲ್ಲಿ ಮಾಣಿ ಒಣ ಮರಳಿಗೆ ಕಾಲು ತಾಗಿದ ಕೂಡಲೇ ಎರಡೂ ಕಾಲು ಎತ್ತಿ ಆಯಿಯ ಕುತ್ತಿಗೆಗೆ ಜೋತುಬಿದ್ದನಂತೆ. ಹೊಸದಾಗಿ ನಡೆಯುವ ಮಗುವಿಗೆ ಕಾಲ ಕೆಳಗೆ ಕುಸಿಯುವ ನೆಲ ಹೆದರಿಕೆಯದ್ದೇ. ಅಲೆ ಬಂದು ಹೋದ ಗಟ್ಟಿ ಮರಳಿನಲ್ಲಿ ಇಳಿಸಿದಾಗ ನಡೆದ.

ಆ ದಂಡೆಯಲ್ಲಿ ನನಗೆ ಇಷ್ಟವಾದದ್ದು ಕೂಸಿನ ತನಿಖೆ. ಗಟ್ಟಿ ಮರಳಿನ ಮೇಲೆ ಸಣ್ಣ ತೂತು, ತೂತಿನ ಸುತ್ತ ಸಾಸಿವೆಗಿಂತ ದೊಡ್ಡ ಮರಳುಂಡೆಗಳು ಸಾಲಾಗಿ. "ಇಷ್ಟೆಲ್ಲ ಉಂಡೆ ಯಾರು ಕಟ್ಟಿದ್ದು?" ಎಂದು ಕೇಳಿದಳು. ಉತ್ತರ ಆಯಿಗೂ ಗೊತ್ತಿರಲಿಲ್ಲ. ಕೂತು ಕಾದರು. ಅಲುಗಾಡದೆ ಕೂತರೆ ಏಡಿ ಹೊರಗೆ ಬರುತ್ತದೆ. ಉಗುರಿನಷ್ಟು ಏಡಿ, ಮರಳನ್ನು ಬಾಯಿಗೆ ಎತ್ತಿ, ಅದರಲ್ಲಿದ್ದ ಪಾಚಿ ಗೀಚಿ ಎಲ್ಲ ತಿಂದು, ಉಳಿದ ಮರಳನ್ನು ಉಂಡೆ ಮಾಡಿ ಬಿಡುತ್ತದೆ. ಮರುದಿನ ಬೆಳಿಗ್ಗೆ ಹೋದರೆ ಒಂದು ಉಂಡೆಯೂ ಇಲ್ಲ. "ಯಾರು ತೆಗೆದದ್ದು?" ಭರತ, ಅಂದರೆ ಸಮುದ್ರದ ಉಬ್ಬರ, ಬಂದು ಹೋಗಿದೆ ಎಂದು ತಿಳಿಯಲು ಅವಳಿಗೆ ಇನ್ನೊಂದು ಸಂಜೆ ಬೇಕಾಯಿತು. ನೀರು ಏರಿ ಉಂಡೆಗಳನ್ನು ಅಳಿಸುವುದನ್ನು ಕಣ್ಣಾರೆ ನೋಡಿದಳು. ನಾಲ್ಕು ತುಂಬದ ಮಗು ಕಾರಣ ಹುಡುಕಿಕೊಂಡು ಹೋದದ್ದು ಇದು. ಮನೆಯ ಬೆಳವಣಿಗೆ ಪಟ್ಟಿಯಲ್ಲಿ ಯಾರೂ ಇದನ್ನು ಬರೆದಿಟ್ಟಿರಲಿಲ್ಲ. ತಮ್ಮ ಮರಳಿಗೆ ಹೆದರಿದ್ದನ್ನು ಮಾತ್ರ ಎಲ್ಲರೂ ಹೇಳಿದರು.

ಅಕ್ಕ ಆಡುವ ತಮ್ಮನ ಮಾತು

ನಡಿಗೆ ಬಂತು, ಮಾತು ಬರಲಿಲ್ಲ. ಜೂನಿನಲ್ಲಿ, 18 ತಿಂಗಳಿಗೆ, ಲೆಕ್ಕಕ್ಕೆ ಸಿಕ್ಕಿದ್ದು "ಆಯಿ" ಮತ್ತು ದನ ಕಂಡರೆ "ಅಂಬಾ". ಅಂಬಾ ಕೂಡ ಮಾತೇ. ಒಂದೇ ವಸ್ತುವಿಗೆ ಪ್ರತಿ ಸಲ ಒಂದೇ ಸದ್ದು ಮಾಡಿದರೆ ಅದನ್ನು ಶಬ್ದ ಎಂದೇ ಎಣಿಸುತ್ತೇವೆ. ಆದರೂ ಈ ವಯಸ್ಸಿಗೆ ಮೂರಾದರೂ ಇರಬೇಕು ಎಂಬುದು ಈಗ ಬಳಸುವ ಅಳತೆ.

ಮೊದಲು ಕಿವಿ. "ಕರೆದರೆ ತಿರುಗ್ತಾನೆ, ಕಿವಿ ಸರಿ ಇದೆ" ಎಂದು ಮನೆಯವರು ಹೇಳಿದರು. ತಿರುಗುವುದು ಸಾಕಾಗುವುದಿಲ್ಲ. ಸ್ವಲ್ಪ ಕಿವುಡಿದ್ದರೂ ಜೋರು ದನಿಗೆ ಮಗು ತಿರುಗುತ್ತದೆ, ಒಂದು ಕಿವಿ ಸರಿ ಇದ್ದರೂ ತಿರುಗುತ್ತದೆ. ಮಳೆಗಾಲದಲ್ಲಿ ನೆಗಡಿ ಬಿಡದ ಮಕ್ಕಳಲ್ಲಿ ಕಿವಿಯೊಳಗೆ ನೀರು ನಿಲ್ಲುವುದೂ ಉಂಟು. ಕಿವಿಗೆ ಸಣ್ಣ ಬಿರಡೆ ಇಟ್ಟು ಯಂತ್ರದಲ್ಲಿ ನೋಡುವ ಪರೀಕ್ಷೆ ಮಾಡಿಸಿದರು. ಎರಡೂ ಕಿವಿ ಸರಿ ಇತ್ತು. 16ರಿಂದ 30 ತಿಂಗಳ ಮಕ್ಕಳಿಗೆಂದು ಇರುವ ಎಂ-ಚಾಟ್ ಎನ್ನುವ 20 ಪ್ರಶ್ನೆಗಳನ್ನೂ ತಾಯಿಗೆ ಕೇಳಿದೆ. ಆಟಿಸಂನ ಸುಳಿವು ಸಿಗಲಿಲ್ಲ.

ಸುಳಿವು ಸಿಕ್ಕಿದ್ದು ಅಡುಗೆಮನೆ ಬಾಗಿಲಲ್ಲಿ. ಮಾಣಿ ಬಾಳೆಗೊನೆ ಕಡೆ ನೋಡಿದ, ಅಷ್ಟೇ. ಬಾಯಿ ತೆರೆಯುವ ಮೊದಲೇ ಅಕ್ಕ ಕೂಗಿದಳು: "ಅಮ್ಮಮ್ಮಾ, ಅವಂಗೆ ಬಾಳೆಹಣ್ಣು ಬೇಕಡ." ಹಣ್ಣು ಬಂತು. ಸ್ವಲ್ಪ ಹೊತ್ತಿಗೆ ಅವನು ನೀರಿನ ಕೊಡದ ಕಡೆ ತಿರುಗಿದ. "ಅವಂಗೆ ನೀರು ಬೇಕಡ." ನೀರೂ ಬಂತು. ಕೊಯ್ಲಿನ ತಿಂಗಳುಗಳಲ್ಲಿ "ಮಾಣಿ ನೋಡ್ಕ್ಯ" ಎಂದು ಅವಳನ್ನು ಕೂರಿಸಿದ್ದರಲ್ಲ, ಅವಳು ನೋಡಿಕೊಂಡಿದ್ದಳು. ಬಹಳ ಚೆನ್ನಾಗಿ ನೋಡಿಕೊಂಡಿದ್ದಳು.

ಇಂಥ ಕಡೆ ದೊಡ್ಡವರು ಮಾಡುವ ಮೊದಲ ಕೆಲಸ ಅಕ್ಕನ ಬಾಯಿ ಮುಚ್ಚಿಸುವುದು. ಅದು ಬೇಡ ಎಂದೆ. ಮೂರೂವರೆ ವರ್ಷಕ್ಕೆ ಜವಾಬ್ದಾರಿ ಹೊರಿಸಿ, ನಾಲ್ಕಕ್ಕೆ ಅದೇ ತಪ್ಪು ಎಂದರೆ ಮಗು ಏನು ತಿಳಿಯಬೇಕು? ಅವಳಿಗೆ ಬೇರೆ ಕೆಲಸ ಕೊಟ್ಟೆವು. ತಮ್ಮನಿಗೆ ತೋರಿಸು, ಹೆಸರು ಹೇಳು, ಆಮೇಲೆ ಮನಸ್ಸಿನಲ್ಲೇ ಐದು ಎಣಿಸು. ಎಣಿಸುವುದು ಅವಳಿಗೆ ಹೊಸ ಹುಚ್ಚು. ಮುಟ್ಟಿದರೆ ಮುನಿ ಗಿಡ ಮುಟ್ಟಿ, ಎಲೆ ತೆರೆಯುವ ತನಕ ಹತ್ತು ಎಣಿಸುತ್ತಿದ್ದಳು. ಹತ್ತಕ್ಕೆ ತೆರೆಯುತ್ತಿರಲಿಲ್ಲ. ಮತ್ತೆ ಒಂದರಿಂದ. ಊಟ ಮಾಡಿ ಬಂದು ನೋಡಿದರೆ ತೆರೆದಿರುತ್ತಿತ್ತು. "ನಾ ಇಲ್ಲದೆ ಇದ್ದಾಗ ತೆರೀತು" ಎಂದು ದೂರು ಹೇಳಿದಳು. ತಮ್ಮನ ಬಾಯಿಯ ಬಗ್ಗೆಯೂ ಅವಳು ಅದೇ ಮಾತು ಹೇಳಬಹುದಿತ್ತು.

ಯಾಕೆಂದರೆ ಜೂನಿನಿಂದ ಅವಳು ದಿನಾ ಅಂಗನವಾಡಿಗೆ ಹೋಗತೊಡಗಿದಳು. ಹಿಂದಿನ ವರ್ಷ ಹಳ್ಳ ಏರಿದಾಗ ಕಾಲುಸಂಕ ದಾಟಿಸುವವರಿಲ್ಲದೆ ಬಿಟ್ಟುಹೋಗಿತ್ತು. ಈ ಸಲ ಅಪ್ಪಯ್ಯ ಬೈಕಿನಲ್ಲಿ ಸುತ್ತು ಹಾದಿಯಲ್ಲಿ ಬಿಟ್ಟುಬಂದರು. ಬೆಳಗಿನ ಆ ಕೆಲವು ಗಂಟೆ ಮಾಣಿಯ ಕಣ್ಣು ಓದುವವರು ಯಾರೂ ಇಲ್ಲ. ಅಮ್ಮಮ್ಮನಿಗೆ ಕಣ್ಣು ಮಂದ, ಕೈಸನ್ನೆ ಗೊತ್ತಾಗುವುದಿಲ್ಲ. ಬೇಕಾದ್ದನ್ನು ಕೇಳಲೇಬೇಕು.

ಜತೆಗೆ ಈ ಮಳೆಗಾಲದಲ್ಲಿ ಅವನನ್ನು ಕಂಬಳಿ ಮೇಲೆ ಕೂರಿಸಲಿಲ್ಲ. ಮಳೆ ಹೊಳವಾದಾಗ ಅಂಗಳಕ್ಕೆ ಇಳಿಸಿದರು. ಉಂಬಳ ಹತ್ತಿತು. ಉಗುರಿನಿಂದ ಸವರಿ ಬಿಡಿಸಿದರು, ಸ್ವಲ್ಪ ಹೊತ್ತು ರಕ್ತ ಸೋರಿ ನಿಂತಿತು. ಅದರಿಂದ ಯಾರೂ ಕೆಡಲಿಲ್ಲ. ಅಂಗಳದ ನೀರು ಹೋಗುವ ಕಂಡಿಯಲ್ಲಿ ಕಪ್ಪೆ ಕೂರುತ್ತಿತ್ತು. ಅಮ್ಮಮ್ಮ ಜಗಲಿಯಲ್ಲೇ ಕೂತು "ಕಪ್ಪೆ, ಅದಾ ಕಪ್ಪೆ" ಅನ್ನುತ್ತಿದ್ದರು. ಜುಲೈಯಲ್ಲಿ "ಪಪ್ಪೆ" ಬಂತು. ಆಗಸ್ಟ್ ಹೊತ್ತಿಗೆ ತಾಯಿ ಕ್ಯಾಲೆಂಡರಿನ ಹಿಂದೆ ಬರೆದಿಟ್ಟ ಶಬ್ದಗಳು ಹನ್ನೆರಡರ ಮೇಲೆ. ಅರ್ಧಕ್ಕಿಂತ ಜಾಸ್ತಿ ಅಂಗಳದಲ್ಲಿ ಸಿಕ್ಕಿದ ಶಬ್ದಗಳೇ.

ಯಾರೂ ಕೇಳದ ಮಗು

ಇಷ್ಟು ಹೊತ್ತು ಮಾಣಿಯ ಮಾತೇ ಆಯಿತು. ಮನೆಯಲ್ಲೂ ಹಾಗೇ ಆಗಿತ್ತು. ಜನವರಿಯಿಂದ ಕೂಸು ಮತ್ತೆ ಹಾಸಿಗೆ ಒದ್ದೆ ಮಾಡುತ್ತಿದ್ದಾಳೆ ಎಂಬ ವಿಷಯ ನನಗೆ ಗೊತ್ತಾದದ್ದು ಎರಡನೇ ಸಲ ಹೋದಾಗ, ಅದೂ ಬಟ್ಟೆ ಒಣಗಿಸುವಾಗ ಬಂದ ಮಾತಿನಲ್ಲಿ. ಐದು ವರ್ಷದ ತನಕ ಇದನ್ನು ಕಾಯಿಲೆ ಎಂದು ಕರೆಯುವುದಿಲ್ಲ. ಆದರೆ ನಿಂತಿದ್ದು ಮತ್ತೆ ಶುರುವಾದರೆ ಕಾರಣ ನೋಡಬೇಕು. ಮೂತ್ರ ಪರೀಕ್ಷೆ ಸರಿ ಬಂತು, ಮಲಬದ್ಧತೆಯೂ ಇರಲಿಲ್ಲ. ಉಳಿದದ್ದು ಕಾವಲಿನ ಕೆಲಸ, ಮತ್ತು ಎಲ್ಲರ ಕಣ್ಣೂ ತಮ್ಮನ ಕಾಲಿನ ಮೇಲೆ ಇದ್ದದ್ದು.

ಅಪ್ಪಯ್ಯ ಸಂಜೆ ತೋಟಕ್ಕೆ ಹೋಗುವಾಗ ಅವಳೊಬ್ಬಳನ್ನೇ ಕರೆದುಕೊಂಡು ಹೋಗುವುದು ಎಂದಾಯಿತು. ತಮ್ಮ ಇಲ್ಲ, ಕಾವಲು ಇಲ್ಲ. ಅವಳು ಹಿಂಗಾರ ಬಿರಿದ ವಾಸನೆ ಕಲಿತಳು. ಗೆರಟೆ ತುಂಬ ಬೀಜ, ಗರಿ, ಬಸವನಹುಳದ ಚಿಪ್ಪು ಕೂಡಿಸಿದಳು. ಅದರಲ್ಲಿ ಗುಲಗಂಜಿಯೂ ಇತ್ತು. ಕೆಂಪು ಕಪ್ಪು ಚಂದದ ಬೀಜ, ಅಗಿದು ನುಂಗಿದರೆ ವಿಷ. ಮಾಣಿಯಂಥ ಬಾಯಿಗೆ ಹಾಕುವ ಮಗು ಇರುವ ಮನೆಯಲ್ಲಿ ಅದು ಇರಬಾರದು. ಅವಳ ಎದುರೇ, ಅವಳಿಗೆ ಹೇಳಿಯೇ ತೆಗೆಸಿದೆ. ಕದ್ದು ಎಸೆದಿದ್ದರೆ ನನ್ನ ಜತೆ ಮಾತು ಬಿಡುತ್ತಿದ್ದಳು. ಗೆರಟೆಗೆ ಎತ್ತರದ ಗೂಡು ಸಿಕ್ಕಿತು, ತಮ್ಮನ ಕೈಗೆ ಸಿಗದ ಜಾಗ. ಅವಳಿಗೆ ಬೇಕಾಗಿದ್ದುದೂ ಅದೇ ಇರಬೇಕು. ದಸರೆಯ ಹೊತ್ತಿಗೆ ಹಾಸಿಗೆ ಬಹುತೇಕ ಒಣಗಿತ್ತು.

ಡಿಸೆಂಬರಿನ ಸ್ಥಿತಿ

ಮಾಣಿಗೆ ಎರಡು ತುಂಬಿತು. ಓಡುತ್ತಾನೆ. ಜಗಲಿಯ ಮೆಟ್ಟಿಲನ್ನು ಈಗಲೂ ಕೂತೇ ಇಳಿಯುತ್ತಾನೆ, ಅದು ಸುರಕ್ಷಿತ, ಇರಲಿ. ಐವತ್ತರ ಹತ್ತಿರ ಶಬ್ದಗಳಿವೆ. "ಕಪ್ಪೆ ಹೋತು", "ಅಕ್ಕ ಬಾ" ಎಂದು ಎರಡೆರಡು ಸೇರಿಸುತ್ತಾನೆ. ಹೊರಗಿನವರಿಗೆ ಅರ್ಧ ಅರ್ಥ ಆಗುತ್ತದೆ, ಈ ವಯಸ್ಸಿಗೆ ಅಷ್ಟು ಸಾಕು.

ಅಡಿಕೆ ಮತ್ತೆ ಅಂಗಳಕ್ಕೆ ಬಂದಿದೆ. ಕೊಟ್ಟಿಗೆಯ ಬದಿ ಎರಡು ಮಾರು ಅಗಲ ಬಿಟ್ಟು ಬಿದಿರಿನ ತಟ್ಟಿ ಅಡ್ಡ ಕಟ್ಟಿದ್ದಾರೆ. ಅಜ್ಜ ಮೊದಲು ಒಪ್ಪಲಿಲ್ಲ. ಬಿಸಿಲು ಬೀಳುವ ಒಳ್ಳೇ ಜಾಗ ಅದು, ಸುಮ್ನೆ ಹಾಳು ಎಂದರು. ಮಾಣಿ ತಟ್ಟಿ ದಾಟಿ ಎರಡು ಸಲ ಅಡಿಕೆ ಬಾಯಿಗೆ ಹಾಕಿಕೊಂಡಿದ್ದಾನೆ, ಹಾಗಾಗಿ ತಟ್ಟಿ ಇದೆ ಎಂದು ದೊಡ್ಡವರು ಕಣ್ಣು ತೆಗೆಯುವ ಹಾಗಿಲ್ಲ. ಕಾವಲಿಗೆ ಕೂಸನ್ನು ಕೂರಿಸುವುದಿಲ್ಲ ಎಂದು ಒಪ್ಪಿದ್ದಾರೆ. ಕೊಯ್ಲಿನ ದಿನಗಳಲ್ಲಿ ಅರ್ಧ ದಿನಕ್ಕೆ ಪಕ್ಕದ ಮನೆಯ ಒಬ್ಬರು ಬರುತ್ತಾರೆ.

ಮಾಣಿಯನ್ನು ಮತ್ತೆ ನೋಡುವುದು ಎರಡೂವರೆ ತುಂಬಿದಾಗ. ಅದಕ್ಕಿಂತ ಮೊದಲು ಕೂಸಿನ ಕೆಲಸ ಇದೆ. ಚಿತ್ರದ ಪುಸ್ತಕವನ್ನು ಮೂಗಿನ ಹತ್ತಿರ ಹಿಡಿಯುತ್ತಾಳೆ ಎಂದು ಅಂಗನವಾಡಿ ಅಕ್ಕೋರು ಹೇಳಿದ್ದಾರೆ. ರಾಷ್ಟ್ರೀಯ ಬಾಲ ಸ್ವಾಸ್ಥ್ಯ ಕಾರ್ಯಕ್ರಮದ ತಂಡ ವರ್ಷಕ್ಕೆ ಎರಡು ಸಲ ಅಂಗನವಾಡಿಗೆ ಬರುತ್ತದೆ. ಮುಂದಿನ ಸಲ ಬಂದಾಗ ಅವಳ ಕಣ್ಣು ತೋರಿಸಬೇಕು. ಆ ದಿನ ಆಯಿ ರಜೆ ಹಾಕಿ, ಮಾಣಿಯನ್ನು ಮನೆಯಲ್ಲಿ ಬಿಟ್ಟು, ಅವಳೊಬ್ಬಳ ಜತೆ ಹೋಗುವುದು ಎಂದು ಮಾತಾಗಿದೆ.